ಕೃಪಾಂಕ ಬೇಡವೆಂದ ಅಕ್ಕಾರು

ಹೋದ ವಾರದ ಹಿಂದಿನ ಭಾನುವಾರ ಅಕ್ಕಾರ ಶ್ರದ್ಧಾಂಜಲಿ ಸಭೆ ಇತ್ತು. ಹುಬ್ಬಳ್ಳಿಯ ಒಂದು ಕಾಲೇಜಿನ ಸಭಾಂಗಣ. ಆ ಕಾಲೇಜು ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳೇ ಅಧ್ಯಕ್ಷರು. ಅವರು ಫೋಟೋಕ್ಕೆ ಹಾರ ಹಾಕಿ, ಮೈಕಿನ ಮುಂದೆ ನಿಂತು, ಕನ್ನಡಕ ಒರೆಸಿಕೊಂಡು ಹೇಳಿದರು: "ಯಾರ ಜೋಡೀನೂ ಎಂದೂ ತಕರಾರು ಮಾಡಿದವರಲ್ಲ. ಎಲ್ಲಾರ ಜೋಡಿ ಹೊಂದಿಕೊಂಡು ಹೋದ ಜೀವ."

ನನ್ನ ಪಕ್ಕ ನದಾಫ್ ಸರ್ ಕುಳಿತಿದ್ದರು. ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುವವರು, ಆರಡಿ ಎತ್ತರದ ಮನುಷ್ಯ. ಅವರು ನನ್ನ ಮೊಣಕೈ ತಿವಿದರು. "ಯಾರ ಬಗ್ಗೆ ಹೇಳಾಕತ್ತಾರ್ರಿ ಇವರು? ನಾವ ತಪ್ಪಿ ಬ್ಯಾರೇದವರ ಸಭಾಕ್ಕ ಬಂದೇವೇನು?"

ನನಗೆ ನಗು ಬರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ, ಇದೇ ಕಾರ್ಯದರ್ಶಿಗಳ ಎದುರಿಗೆ, ಅಕ್ಕಾರು ಕುರ್ಚಿಯ ಮೇಲೆ ಹತ್ತಿ ನಿಂತು ಜಗಳ ತೆಗೆದಿದ್ದರು. ಅವರು ಜಗಳವಾಡಿದ್ದು ಸತ್ಯಕ್ಕಾಗಿ, ಸೋತದ್ದು ನಮ್ಮಂಥವರಿಂದ. ಈಗ ಆ ಜಗಳವನ್ನೂ ಅವರಿಂದ ಕಿತ್ತುಕೊಂಡು, ಅದರ ಜಾಗದಲ್ಲಿ ಒಂದು ಗಂಧದ ಹಾರ ಹಾಕುತ್ತಿದ್ದಾರೆ. ಸತ್ತವರಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದಿದೆಯೋ ನನಗೆ ತಿಳಿಯದು.

ಹಾಗಂತ ಆ ಭಾನುವಾರ ನಾನು ಎದ್ದು ನಿಂತು ಹೇಳಿದೆನೇ? ಇಲ್ಲ. ಉಪ್ಪಿಟ್ಟು ತಿಂದು ಮನೆಗೆ ಬಂದೆ. ಅದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕಾರು ಎನ್ನುತ್ತಾರೆ. ಅವರ ಹೆಸರು ಇಲ್ಲಿ ಬೇಡ. ಮಕ್ಕಳಿಗೆ, ಪಾಲಕರಿಗೆ, ಕಡೆಗೆ ಬಸ್ ಕಂಡಕ್ಟರಿಗೂ ಅವರು ಅಕ್ಕಾರೇ ಆಗಿದ್ದರು. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ನಾನು ಅಲ್ಲಿ ವಿಜ್ಞಾನದ ಮಾಸ್ತರ. ಅವರ ಮನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಗಿಡ್ಡ ಆಳು, ಕರಿಹಲಗೆಯ ಮೇಲಿನ ಅರ್ಧ ಅವರ ಕೈಗೆ ಎಟುಕುತ್ತಿರಲಿಲ್ಲವಾದ್ದರಿಂದ ಕೆಳಗಿನ ಅರ್ಧದಲ್ಲೇ ಎಲ್ಲ ಮುಗಿಸುತ್ತಿದ್ದರು. ಎಡಗೈಯಲ್ಲಿ ಸೀರೆಯ ನಿರಿಗೆ, ಬಲಗೈಯಲ್ಲಿ ಸೀಮೆಸುಣ್ಣ. ಡಸ್ಟರ್ ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಅಂಗೈಯಿಂದಲೇ ಒರೆಸುತ್ತಿದ್ದರು.

ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಒಮ್ಮೆ ಕಂಡಕ್ಟರ್ ಪಾಸಿನ ಮಕ್ಕಳನ್ನು ಕೆಳಗೆ ನಿಲ್ಲಿಸಿ, "ನೀವು ಹಿಂದಿನ ಬಸ್ಸಿಗೆ ಬರ್ರಿ" ಎಂದ. ಅಕ್ಕಾರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಬಿಟ್ಟು ನಿಂತುಬಿಟ್ಟರು.

"ಅಕ್ಕಾರ, ಒಳಗ ಬರ್ರಿ, ಇಲ್ಲಾಂದ್ರ ಕೆಳಗ ಇಳೀರಿ. ಬಸ್ ಬಿಡಬೇಕು."

"ಎರಡೂ ಆಗೂದಿಲ್ಲ. ಮೊದಲ ಹುಡುಗ್ರು ಹತ್ತಲಿ."

"ಜಾಗಾ ಇಲ್ರೀ."

"ನನಗ ಜಾಗಾ ಐತೆಲ್ಲ? ನನಗ ಇದ್ದ ಜಾಗಾ ಅವರಿಗೆ ಹೆಂಗಿಲ್ಲ?"

ಏಳೆಂಟು ನಿಮಿಷ ಬಸ್ಸು ನಿಂತಿತು ಎಂದು ನನ್ನ ನೆನಪು. ಎರಡೇ ನಿಮಿಷ ಇದ್ದಿರಲೂಬಹುದು. ಒಳಗೆ ಕುಳಿತವರೆಲ್ಲ ಅಕ್ಕಾರನ್ನೇ ಬೈಯುತ್ತಿದ್ದರು, ಅದು ಮಾತ್ರ ಖಚಿತ. ಯಾಕೆಂದರೆ ಬೈಯುತ್ತಿದ್ದವರಲ್ಲಿ ನಾನೂ ಇದ್ದೆ, ಬಾಯಿ ತೆರೆಯದೆ.

ಇವರು ಹೊಂದಿಕೊಂಡು ಹೋದ ಜೀವ!

ನನ್ನ ಜೊತೆಗೂ ಜಗಳ ಆಗಿತ್ತು. ಒಂಬತ್ತನೆಯ ತರಗತಿಗೆ ಚಲನೆಯ ಪಾಠ ಮಾಡುತ್ತಿದ್ದೆ. v = u + at ಎಂಬ ಸಮೀಕರಣ ಬರೆದು, ಅದರ ಕೆಳಗೆ u ಕಂಡುಹಿಡಿಯುವ ಸೂತ್ರ, a ಕಂಡುಹಿಡಿಯುವ ಸೂತ್ರ, t ಕಂಡುಹಿಡಿಯುವ ಸೂತ್ರ ಎಂದು ಬೇರೆ ಬೇರೆ ಬರೆದು, ಸುತ್ತ ಚೌಕಟ್ಟು ಹಾಕಿ, ನಾಲ್ಕನ್ನೂ ಬಾಯಿಪಾಠ ಮಾಡಿಕೊಂಡು ಬನ್ನಿ ಎಂದಿದ್ದೆ. ಮುಂದಿನ ಪಿರಿಯಡ್ ಅವರದು. ನಾನು ಇನ್ನೂ ಪುಸ್ತಕ ಎತ್ತಿಕೊಳ್ಳುತ್ತಿರುವಾಗಲೇ ಒಳಗೆ ಬಂದರು, ಹಲಗೆ ನೋಡಿದರು, ಮಕ್ಕಳ ಎದುರಿಗೇ ಕೆಳಗಿನ ಮೂರನ್ನೂ ಅಂಗೈಯಿಂದ ಒರೆಸಿದರು.

"ಸರ್, ಒಂದ ಮಾತನ್ನ ನಾಕ ಸಲ ಯಾಕ ಹೇಳಾಕತ್ತೀರಿ?"

"ಪರೀಕ್ಷಾದಾಗ ಅನುಕೂಲ ಆಗಲಿ ಅಂತ್ರಿ."

"ಯಾವ ಅಕ್ಷರ ಬೇಕೋ ಅದನ್ನ ಹೊರಗ ತಗೀಲಿಕ್ಕೆ ಬಂದ್ರ ಒಂದ ಸಾಕು. ಬರದಿದ್ರ ನಾಕಲ್ಲ, ನಲವತ್ತ ಕೊಟ್ರೂ ಅಷ್ಟ."

ಹುಡುಗರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅದನ್ನು ಅವತ್ತೇ ಡೈರಿಯಲ್ಲಿ ಬರೆದಿದ್ದೇನೆ: "ಈ ಹೆಂಗಸಿಗೆ ಶಿಷ್ಟಾಚಾರವಿಲ್ಲ." ಕೆಳಗೆ ಗೆರೆ ಕೂಡ ಎಳೆದಿದ್ದೇನೆ. ಅವರು ಹೇಳಿದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಒಂದು ಅಕ್ಷರವೂ ಇಲ್ಲ.

ಅವರ ಪಾಠ ಶುರುವಾಗುತ್ತಿದ್ದುದು ಯಾವಾಗಲೂ ಒಂದೇ ಪ್ರಶ್ನೆಯಿಂದ. 2x + 3y = 12 ಎಂದು ಬರೆದು ಕೇಳುವರು: "ಯಾರ್ ಬೇಕು?" ಮಕ್ಕಳು "y" ಎಂದರೆ, y ಕೆಳಗೆ ಗೆರೆ. "ಮರೀಬ್ಯಾಡ್ರಿ. ಯಾರ ಮನಿಗೆ ಹೊಂಟೇವಿ ಅನ್ನೂದ ಗೊತ್ತಿಲ್ಲದ ಬಸ್ ಹತ್ತತೀರೇನು?" ಆಮೇಲೆ 2x ಅನ್ನು ಆಚೆ ಕಳಿಸಬೇಕು. ಬೇರೆ ಎಲ್ಲ ಶಾಲೆಗಳಲ್ಲೂ ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂದು ಹೇಳಿಕೊಡುತ್ತಾರೆ, ನಾನೂ ಹಾಗೇ ಕಲಿತವನು. ಅಕ್ಕಾರ ತರಗತಿಯಲ್ಲಿ ಯಾರಾದರೂ ಹಾಗೆಂದರೆ ಮುಗಿಯಿತು. "ದಾಟೂ ಮುಂದ ಚಿಹ್ನಾ ಬದಲಾದದ್ದನ್ನ ನೀ ಕಂಡೀಯೇನು? ಯಾರ ಬದಲಿ ಮಾಡಿದ್ರು? ಎರಡೂ ಕಡೆಯಿಂದ 2x ತಗದ್ವಿ ಅನ್ನು. ಒಂದ ಕಡೆ ತಗದ ಮ್ಯಾಲ ಇನ್ನೊಂದ ಕಡೆ ತಗೀದಿದ್ರ ಅನ್ಯಾಯ ಆಗತೈತಿ."

3y = 12 − 2x ಆಯಿತು. ಈಗ ಮೂರರಿಂದ ಭಾಗಿಸಬೇಕು. ಇಲ್ಲೇ ನಮ್ಮ ಮಕ್ಕಳು ಜಾರುತ್ತಿದ್ದರು. ಹನ್ನೆರಡನ್ನು ಮೂರರಿಂದ ಭಾಗಿಸಿ ನಾಲ್ಕು ಮಾಡಿ, 2x ಅನ್ನು ಇದ್ದಂತೆಯೇ ಬಿಟ್ಟು, y = 4 − 2x ಎಂದು ಬರೆದುಬಿಡುವರು. ವರ್ಷ ವರ್ಷವೂ ಇದೇ ತಪ್ಪು. ಅಕ್ಕಾರು ಇದಕ್ಕೊಂದು ದಾರಿ ಮಾಡಿದ್ದರು. "ಪಂಕ್ತ್ಯಾಗ ಒಬ್ಬರಿಗೆ ಬಡಿಸಿ ಬಾಜೂದವರನ್ನ ಬಿಟ್ಟು ಮುಂದ ಹೋಗ್ತೀರೇನು? ಹನ್ನೆರಡಕ್ಕ ಬಡಿಸ್ರಿ, 2x ಗೂ ಬಡಿಸ್ರಿ. ಒಂದೊಂದ ಎಲಿ ಮುಂದೂ ನಿಂತು ಬಡಿಸ್ರಿ." ಹಾಗಾಗಿ ಅವರ ಮಕ್ಕಳು ಪ್ರತಿ ಪದವನ್ನೂ ಬೇರೆ ಬೇರೆ ಭಾಗಿಸಿ y = 4 − 2x/3 ಎಂದೇ ಬರೆಯುತ್ತಿದ್ದರು. ಪುಸ್ತಕದಲ್ಲಿ y = (12 − 2x)/3 ಎಂದಿರುತ್ತದೆ. ಎರಡೂ ಒಂದೇ. x ಗೆ ಏನು ಹಾಕಿದರೂ ಎರಡರಲ್ಲೂ ಒಂದೇ ಉತ್ತರ. ಎಂಟನೆಯ ತರಗತಿಯ ಮಗುವಿಗೂ ತಿಳಿಯುವ ಮಾತು ಇದು.

ಇಷ್ಟು ಯಾಕೆ ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ಈ ಮಾತು ತಿಳಿಯದವರಂತೆ ಮೂವತ್ತು ಮಂದಿ ಪದವೀಧರರು ಒಂದು ಇಡೀ ದಿನ ನಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮೂವತ್ತರಲ್ಲಿ ನಾನೊಬ್ಬ.

ಶ್ರದ್ಧಾಂಜಲಿ ನಡೆಸಿದ ಆ ಸಂಸ್ಥೆ ಆಗ ಹಳ್ಳಿಯ ಕನ್ನಡ ಶಾಲೆಗಳ ಮಕ್ಕಳಿಗಾಗಿ ಗಣಿತ, ವಿಜ್ಞಾನದ ಒಂದು ಪರೀಕ್ಷೆ ನಡೆಸುತ್ತಿತ್ತು. ಮೊದಲ ಹತ್ತು ಮಂದಿಗೆ ಕಾಲೇಜಿನಲ್ಲಿ ಸೈನ್ಸ್ ಸೀಟು, ಜೊತೆಗೆ ಹಾಸ್ಟೆಲ್ಲು. ನಮ್ಮ ಶಾಲೆಯಿಂದ ಆ ವರ್ಷ ಹನ್ನೊಂದು ಮಕ್ಕಳು ಬರೆದಿದ್ದರು. ಅವರಲ್ಲಿ ಸುಳ್ಳದ ಶಿವಲೀಲಾ ಎಂಬ ಹುಡುಗಿ. ಅವಳ ಅಪ್ಪ ಶಾಲೆಗೆ ಬಂದು ಅಕ್ಕಾರ ಮುಂದೆ ಹೇಳಿಹೋಗಿದ್ದ: "ಹಾಸ್ಟೆಲ್ ಸೀಟ ಸಿಕ್ರ ಸೈನ್ಸ್ ಓದಲಿ ಅಕ್ಕಾರ. ಸಿಗಲಿಲ್ಲಾಂದ್ರ ದಿನಾ ಬಸ್ಸಿನಾಗ ಅಡ್ಡಾಡಸೂದು ನಮ್ಮ ಕಡಿಂದ ಆಗೂದಿಲ್ಲ." ಅವಳಿಗೆ ಗಣಿತ ಕಲಿಸುವ ಟೀಚರ್ ಆಗಬೇಕೆಂದಿತ್ತು. ಅಕ್ಕಾರಿಗೆ ಆ ಸೀಟು ಅವಳದೇ ಎಂಬುದರಲ್ಲಿ ಅನುಮಾನವಿರಲಿಲ್ಲ.

ಉತ್ತರ ಪತ್ರಿಕೆ ತಿದ್ದಲು ಬೇರೆ ಬೇರೆ ಶಾಲೆಗಳಿಂದ ಮಾಸ್ತರರನ್ನು ಕಾಲೇಜಿನ ಸಭಾಂಗಣಕ್ಕೆ ಕರೆಸಿದ್ದರು. ಅಕ್ಕಾರು ಮತ್ತು ನಾನು ಇಬ್ಬರೂ ಹೋಗಿದ್ದೆವು, ನದಾಫ್ ಸರ್ ಕೂಡ ಬಂದಿದ್ದರು. ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಬ್ಬರು ತಿದ್ದಿ ಸಹಿ ಮಾಡಬೇಕು, ಅದನ್ನು ಇನ್ನೊಬ್ಬರು ಮತ್ತೆ ನೋಡಿ ಮರುಪರಿಶೀಲಕರು ಎಂದು ಸಹಿ ಮಾಡಬೇಕು. ಐದನೆಯ ಪ್ರಶ್ನೆ, ಎರಡು ಅಂಕ: 2x + 3y = 12 ರಲ್ಲಿ y ಅನ್ನು x ನ ಮೂಲಕ ಬರೆಯಿರಿ. ನಮಗೆ ಕೊಟ್ಟ ಮಾದರಿ ಉತ್ತರದಲ್ಲಿ ಪುಸ್ತಕದ ರೂಪ ಒಂದೇ ಇತ್ತು.

ನನ್ನ ಮುಂದೆ ಮೊದಲ ಬಾರಿ y = 4 − 2x/3 ಎಂಬ ಉತ್ತರ ಬಂದಾಗ ಕೈ ನಿಂತಿತು. ಸರಿ ಎಂದು ಗೊತ್ತಿತ್ತು. ಇದು ನಮ್ಮ ಶಾಲೆಯ ಮಗು ಎಂದೂ ಗೊತ್ತಿತ್ತು. ಆ ಸುತ್ತಿನಲ್ಲಿ ಹಾಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ. ಗೊತ್ತಿದ್ದುದೇ ತೊಡಕಾಯಿತು. ಅಂಕ ಕೊಟ್ಟರೆ ನಾಳೆ ಯಾರಾದರೂ ನೀನು ನಿನ್ನ ಶಾಲೆಯ ಮಕ್ಕಳಿಗೆ ಕೊಟ್ಟೆ ಎಂದಾರು. ಮಾದರಿ ಉತ್ತರದಲ್ಲಿ ಹೀಗಿಲ್ಲ ಎಂದರೆ ಯಾರೂ ಏನೂ ಅನ್ನುವುದಿಲ್ಲ. ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದು ಸೊನ್ನೆ ಹಾಕಿದೆ. ಎರಡನೆಯದು ಬಂದಾಗ ಯೋಚಿಸಬೇಕಾಗಲಿಲ್ಲ.

ನಾನು ತಿದ್ದಿದ ಕಟ್ಟು ಮರುಪರಿಶೀಲನೆಗೆ ಹೋದದ್ದು ಅಕ್ಕಾರ ಮೇಜಿಗೆ.

ಸ್ವಲ್ಪ ಹೊತ್ತಿಗೆ ಅವರು ಒಂದು ಪತ್ರಿಕೆ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದರು. "ಸರ್, ಇದು ನಿಮ್ಮ ಕೈಯೇನ್ರಿ?"

"ಹೌದ್ರಿ ಅಕ್ಕಾರ."

"ಐದನೇದಕ್ಕ ಸೊನ್ನಿ ಹಾಕೀರಿ."

"ಮಾದರಿ ಉತ್ತರದಾಗ ಹಂಗಿಲ್ರಿ."

"ಎಂ.ಎಸ್ಸಿ. ಮಾಡೀರಿ ನೀವು. ಉತ್ತರ ತಪ್ಪೈತೇನು?"

"ತಪ್ಪಿಲ್ರಿ. ಆದ್ರ—"

"ಆದ್ರ ಅನ್ನೂದು ಇದರಾಗ ಎಲ್ಲಿ ಬರತೈತಿ, ತೋರಸ್ರಿ."

ನಾನು ಮುಂದಿನ ಪತ್ರಿಕೆ ಎಳೆದುಕೊಂಡೆ. ಅವರು ನೇರವಾಗಿ ಮುಖ್ಯ ಪರೀಕ್ಷಕರ ಮೇಜಿಗೆ ಹೋದರು. ಆತ ಧಾರವಾಡದ ನಿವೃತ್ತ ಪ್ರಾಚಾರ್ಯರು. ಇಸ್ತ್ರಿ ಮಾಡಿದಂಥ ಮಾತು, ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಅಕ್ಕಾರು ಹಲಗೆಯ ಮೇಲೆ ಎರಡೂ ಉತ್ತರ ಬರೆದರು.

"x ಗೆ ಮೂರ ಹಾಕ್ರಿ ಸರ್. ನಿಮ್ಮ ಉತ್ತರದಾಗ ಎಷ್ಟ ಬಂತು?"

"ಎರಡು."

"ಹುಡುಗರದರಾಗ?"

"ಎರಡು."

"ಆರ ಹಾಕ್ರಿ."

"ಎರಡರಾಗೂ ಸೊನ್ನೆ ಬರತದ, ನನಗ ಗೊತ್ತದರೀ ಅಕ್ಕಾರ. ಆದರ ಪ್ರಶ್ನಾದಾಗ ಸಂಖ್ಯಾ ಕೇಳಿಲ್ಲಲಾ. ಮಾದರಿ ಉತ್ತರದಾಗ ಒಂದು ರೂಪ ಕೊಟ್ಟದ, ಆ ರೂಪದಾಗನ ಇರಬೇಕು. ಇಲ್ಲಾಂದ್ರ ಮೌಲ್ಯಮಾಪನಕ್ಕ ಶಿಸ್ತು ಎಲ್ಲಿ ಉಳೀತು?"

"ಶಿಸ್ತು ಬ್ಯಾರೆ, ಸರಿ-ತಪ್ಪು ಬ್ಯಾರೆ ಏನ್ರಿ ಹಂಗಾರ?"

ಪ್ರಾಚಾರ್ಯರು ಎಲ್ಲ ಮೇಜುಗಳಿಂದಲೂ ಆ ಬಗೆಯ ಉತ್ತರದ ಪತ್ರಿಕೆಗಳನ್ನು ತರಿಸಿದರು. ಹನ್ನೊಂದು ಬಂದವು, ಸಂಖ್ಯೆಗಳು ಒಂದರ ಹಿಂದೆ ಒಂದು. ಅವನ್ನು ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿ, ಅದೇ ಮೆತ್ತನೆಯ ದನಿಯಲ್ಲಿ ಹೇಳಿದರು: "ಹನ್ನೊಂದೂ ಒಂದೇ ನಮೂನಿ. ಒಂದೇ ಸಾಲಿ ಹುಡುಗರು, ಹೌದಲ್ಲೊ? ಹೆಸರು ಬರೀಬ್ಯಾಡ್ರಿ ಅಂದ್ವಿ, ಉತ್ತರದಾಗನ ಗುರುತು ಇಟ್ಟಂಗ ಆತಲ್ಲರೀ ಅಕ್ಕಾರ. ಇದನ್ನ ಯಾರು ಕಲಿಸ್ಯಾರ, ಯಾಕ ಕಲಿಸ್ಯಾರ, ನಾ ಕೇಳೂದಿಲ್ಲ. ನೀವೂ ಹೆಚ್ಚಿಗೆ ಎಳೀಬ್ಯಾಡ್ರಿ."

ಮಕ್ಕಳು ಎಡವಬಾರದೆಂದು ಒಬ್ಬ ಶಿಕ್ಷಕಿ ಕಂಡುಕೊಂಡ ದಾರಿಯನ್ನು ಕಳ್ಳ ಗುರುತು ಎಂದರು. ಒಂದೇ ತರಗತಿಯಲ್ಲಿ ಕುಳಿತ ಮಕ್ಕಳು ಒಂದೇ ಥರ ಬರೆಯದೆ ಇನ್ನೆಷ್ಟು ಥರ ಬರೆಯಬೇಕಿತ್ತು?

ಅಕ್ಕಾರ ಮುಖ ಕೆಂಪಾಯಿತು. "ಗುರುತು ಹಿಡೀಲಿ ಅಂತ ಕಲಿಸಿದ್ರ," ಎಂದರು, "ನಮ್ಮ ಸಾಲಿ ಸರ್ ಅದಕ್ಕ ಸೊನ್ನಿ ಹಾಕತಿದ್ರೇನು?"

ಎಲ್ಲರೂ ನನ್ನ ಕಡೆ ನೋಡಿದರು.

ಇಲ್ಲಿ ನಾನು ನಿಲ್ಲಬೇಕು. ಆ ಕ್ಷಣದಲ್ಲಿ ನಾನು ಎದ್ದು ನಿಂತು, ತಪ್ಪು ನನ್ನದು, ಉತ್ತರ ಸರಿ ಇದೆ ಎಂದು ಹೇಳಿದೆ ಎಂಬುದು ನನ್ನ ನೆನಪು. ಸ್ಪಷ್ಟವಾದ ನೆನಪು. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೂಡ ಕೇಳಿಸುತ್ತದೆ. ಶ್ರದ್ಧಾಂಜಲಿಯ ದಿನ ಇದನ್ನೇ ನದಾಫ್ ಸರ್‌ಗೆ ಹೇಳಿದೆ. ಅವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದರು.

"ಎದ್ದಿದ್ದೇನೋ ಖರೇ ಸರ್ ನೀವು. ಎದ್ದು ಚಹಾ ಕುಡ್ಯಾಕ ಹೋದ್ರಿ."

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ಹೀಗಿದೆ: "ಮೌಲ್ಯಮಾಪನ. ಊಟ ಛಲೋ ಇತ್ತು, ಎಣ್ಣೆಗಾಯಿ, ಬಿಳಿ ಜೋಳದ ರೊಟ್ಟಿ. ಸ್ವಲ್ಪ ಗದ್ದಲ. ಸಂಜೆ ತಲೆನೋವು." ಅಷ್ಟೇ. ಸ್ವಲ್ಪ ಗದ್ದಲ! ಡೈರಿ ಬರೆಯುವವನು ತನಗೇ ಸುಳ್ಳು ಹೇಳಿಕೊಳ್ಳುವುದು ಹೀಗೆ. ಸುಳ್ಳು ಬರೆಯುವುದಿಲ್ಲ, ಸಣ್ಣದಾಗಿ ಬರೆಯುತ್ತಾನೆ.

ಮುಂದಿನದು ಮಾತ್ರ ನನ್ನ ನೆನಪಿಗೂ ನದಾಫ್ ಸರ್ ನೆನಪಿಗೂ ತಾಳೆಯಾಗುತ್ತದೆ. ಮಧ್ಯಾಹ್ನ ಕಾರ್ಯದರ್ಶಿಗಳು ಬಂದರು. ಸುದ್ದಿ ಅವರಿಗೆ ಮುಟ್ಟಿತ್ತು. ಎಲ್ಲರನ್ನೂ ಸೇರಿಸಿ ಹೇಳಿದರು: "ಯಾರಿಗೂ ಬೇಜಾರ ಆಗೂದು ಬ್ಯಾಡ. ಪರೀಕ್ಷಾ ಬರದ ಎಲ್ಲಾ ಹುಡುಗರ ಒಟ್ಟು ಅಂಕಕ್ಕೂ ಎರಡೆರಡು ಕೃಪಾಂಕ ಕೂಡಸತೇವಿ. ಅಕ್ಕಾರ ಹುಡುಗರಿಗೂ ಸಿಗತಾವು, ಉಳದವರಿಗೂ ಸಿಗತಾವು. ಮುಗೀತಲ್ಲ?"

ಚಪ್ಪಾಳೆ ಬಿತ್ತು. ಖರೇ, ಚಪ್ಪಾಳೆ ಹೊಡೆದರು! ಗಣಿತ ಕಲಿಸುವವರು. ಎಲ್ಲರಿಗೂ ಎರಡೆರಡು ಕೂಡಿಸಿದರೆ ಯಾರ ಸ್ಥಾನವೂ ಕದಲುವುದಿಲ್ಲ ಎಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೋ, ಹೊಳೆದೂ ಚಪ್ಪಾಳೆ ಹೊಡೆದರೋ ಇವತ್ತಿಗೂ ತಿಳಿಯದು.

ಅಕ್ಕಾರು ಚಪ್ಪಾಳೆ ನಿಲ್ಲುವವರೆಗೆ ಕಾದರು. ಆಮೇಲೆ, "ನದಾಫ್ ಸರ್, ಇಲ್ಲಿ ಬರ್ರಿ" ಎಂದರು. ಆರಡಿಯ ಮನುಷ್ಯ ಏನೂ ತಿಳಿಯದೆ ಹೋಗಿ ಅವರ ಪಕ್ಕ ನಿಂತರು. ಅಕ್ಕಾರ ತಲೆ ಅವರ ಎದೆಗೆ ಬರುತ್ತಿತ್ತು.

"ನೋಡ್ರಿ, ನಾ ಇವರಕಿಂತ ಎಷ್ಟ ಗಿಡ್ಡ ಅದೇನಿ? ನದಾಫ್ ಸರ್, ಆ ಕುರ್ಚಿ ಹತ್ತರಿ."

"ಅಕ್ಕಾರ, ನಾನ್ಯಾಕ್ರಿ?"

"ಹತ್ತರಿ ಅಂದೆ."

ಅವರು ಹತ್ತಿದರು. ಅಕ್ಕಾರು ಪಕ್ಕದ ಕುರ್ಚಿ ಎಳೆದು, ನಿರಿಗೆ ಹಿಡಿದುಕೊಂಡು ತಾವೂ ಹತ್ತಿದರು. ನದಾಫ್ ಸರ್ ತಲೆ ಫ್ಯಾನಿಗೆ ತಾಗುವಂತಾಗಿ ಬಗ್ಗಿ ನಿಂತಿದ್ದರು. ಅಕ್ಕಾರ ತಲೆ ಅವರ ಎದೆಗೇ ಇತ್ತು.

"ಇಬ್ಬರಿಗೂ ಒಂದೊಂದ ಕುರ್ಚಿ ಕೊಟ್ರಿ. ಈಗ ನಾ ಇವರಷ್ಟ ಆದ್ನೇನ್ರಿ ಕಾರ್ಯದರ್ಶಿಗಳ?"

ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ಕೈ ಚಾಚಿದರು. "ಇಳೀರಿ ಅಕ್ಕಾರ, ಬಿದ್ದೀರಿ."

"ಬಿದ್ರ ನಾ ಒಬ್ಬಾಕಿ ಬೀಳತೇನಿ. ನೀವು ಹನ್ನೊಂದ ಮಂದಿ ಹುಡುಗರನ್ನ ಬೀಳಸಾಕತ್ತೀರಿ, ಮ್ಯಾಲ ಕೃಪಾ ಅಂತ ಬ್ಯಾರೆ ಅನ್ನಾಕತ್ತೀರಿ. ಖರೇ ಉತ್ತರ ಬರದವರಿಗೆ ನಿಮ್ಮ ಕೃಪಾ ಯಾಕ ಬೇಕ್ರಿ? ಅವರ ಎರಡ ಅಂಕ ಅವರಿಗೆ ಕೊಡ್ರಿ, ಸಾಕು."

"ಹಟ ಮಾಡಬ್ಯಾಡ್ರಿ ಅಕ್ಕಾರ. ಎಲ್ಲಾರೂ ಒಪ್ಪ್ಯಾರ."

"ಎಲ್ಲಾರೂ?" ಎಂದು ಅವರು ಕುರ್ಚಿಯ ಮೇಲಿಂದಲೇ ಸಭಾಂಗಣದ ಸುತ್ತ ಒಮ್ಮೆ ನೋಡಿದರು. ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಕಡೆ ಬಂದಾಗ ನಾನು ಪೆನ್ನಿನ ಕ್ಯಾಪು ಹುಡುಕುತ್ತಿದ್ದೆ.

ಅವರು ಇಳಿದರು, ಚೀಲ ತೆಗೆದುಕೊಂಡರು, ಮೌಲ್ಯಮಾಪಕರ ಹಾಳೆಗೆ ಸಹಿ ಮಾಡದೆ ಹೊರಟುಹೋದರು. ನಾವು ಉಳಿದವರು ಸಹಿ ಮಾಡಿದೆವು.

ಪಟ್ಟಿ ಬಂತು. ಶಿವಲೀಲಾ ಹನ್ನೆರಡನೆಯವಳು. ಹತ್ತನೆಯವನಿಗೂ ಅವಳಿಗೂ ಒಂದೇ ಅಂಕದ ಅಂತರ. ನಮ್ಮ ಶಾಲೆಯ ಒಬ್ಬರಿಗೂ ಸೀಟು ಸಿಗಲಿಲ್ಲ.

ನಮ್ಮ ಹೆಡ್ ಮಾಸ್ತರಿಗೆ ಸಂಸ್ಥೆಯಿಂದ ಪತ್ರ ಬಂತು, ಈ ಶಿಕ್ಷಕಿ ಮೌಲ್ಯಮಾಪನಕ್ಕೆ ಅಡ್ಡಿ ಮಾಡಿದ್ದಾರೆ, ವಿವರಣೆ ಕೊಡಿಸಿ ಎಂದು. ಹೆಡ್ ಮಾಸ್ತರು ಒಳ್ಳೆಯವರೇ. "ಅಕ್ಕಾರ, ಒಂದ ಕ್ಷಮಾ ಪತ್ರ ಬರದ ಒಗೀರಿ ಅತ್ತಾಗ. ನಮ್ಮ ಗಂಟೇನ ಹೋಗತೈತಿ?" ಎಂದರು. ಅಕ್ಕಾರು ಅಲ್ಲೇ ಕುಳಿತು ಬರೆದರು. ಪತ್ರದಲ್ಲಿ ಎರಡೇ ವಾಕ್ಯ: 2x + 3y = 12 ಆದರೆ y = 4 − 2x/3. ಇದು ತಪ್ಪೆಂದು ತೋರಿಸಿಕೊಟ್ಟರೆ ಕ್ಷಮೆ ಕೇಳುತ್ತೇನೆ.

ಅದಕ್ಕೆ ಉತ್ತರ ಬರಲೇ ಇಲ್ಲ. ಆದರೆ ಅಕ್ಕಾರಿಗೆ ಮುಂದೆ ಯಾವ ಮೌಲ್ಯಮಾಪನದ ಕರೆಯೂ ಬರಲಿಲ್ಲ. ಹುಬ್ಬಳ್ಳಿಯ ಮಾಸ್ತರ ಮಂದಿಯಲ್ಲಿ "ಗುರುತಿನ ಅಕ್ಕಾರು" ಎಂದು ಹೆಸರಾಯಿತು. ಅದನ್ನು ಹೇಳಿ ನಗುವವರನ್ನು ನಾನೇ ಮದುವೆ ಮನೆಗಳಲ್ಲಿ ಕಂಡಿದ್ದೇನೆ.

ಅಕ್ಕಾರನ್ನು ದೇವರ ಪಟಕ್ಕೆ ಏರಿಸುವುದು ನನ್ನ ಉದ್ದೇಶವಲ್ಲ. ಅವರದು ಕಠಿಣ ಮನಸ್ಸು. ತಪ್ಪು ಮಾಡಿದ ಮಗುವಿನ ನೋಟ್‌ಬುಕ್ಕನ್ನು ಕಿಟಕಿಯಿಂದ ಹೊರಗೆ ಒಗೆದದ್ದನ್ನು ನೋಡಿದ್ದೇನೆ. ನನ್ನನ್ನು ಅವರು ಕ್ಷಮಿಸಲಿಲ್ಲ. ಆಮೇಲೆ ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಹೋದೆವು. ನಾನು ನಮಸ್ಕಾರ ಎಂದರೆ ತಲೆಯಾಡಿಸುವರು, ಮಾತಿಲ್ಲ. ಅವರ ನಿವೃತ್ತಿಯ ದಿನ ಬೀಳ್ಕೊಡುಗೆಯ ಭಾಷಣ ನನ್ನದೇ ಆಗಿತ್ತು. ಏನು ಹೇಳಿದೆ ಎಂದು ನೆನಪಿಲ್ಲ. ಡೈರಿಯಲ್ಲಿ "ಭಾಷಣ ಚೆನ್ನಾಗಿತ್ತು ಎಂದರು" ಎಂದಿದೆ. ಹೊಂದಿಕೊಂಡು ಹೋಗುವ ಗುಣ ಎಂಬ ಮಾತನ್ನು ಕಾರ್ಯದರ್ಶಿಗಳಿಗಿಂತ ಮೊದಲು ನಾನೇ ಅಂದು ಆಡಿಬಿಟ್ಟಿದ್ದೇನೋ ಎಂಬ ಅಂಜಿಕೆ ಈಗ ಕಾಡುತ್ತಿದೆ. ಅಂಥ ಸಭೆಗಳಲ್ಲಿ ಅಂಥ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ನನ್ನ ನೆನಪನ್ನೂ ಡೈರಿಯನ್ನೂ ನಂಬಲಾಗದೆ, ಮೊನ್ನೆ ಶಿವಲೀಲಾಳನ್ನು ಹುಡುಕಿಕೊಂಡು ಹುಬ್ಬಳ್ಳಿ-ಧಾರವಾಡದ ನಡುವಿನ ಸತ್ತೂರಿಗೆ ಹೋದೆ. ಆಸ್ಪತ್ರೆಯ ರಸ್ತೆಯಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬ್‌ನಲ್ಲಿ ಅವಳು ಟೆಕ್ನಿಷಿಯನ್. ಹತ್ತನೆಯ ತರಗತಿಯ ಮೇಲೆ ಡಿಪ್ಲೊಮಾ ಮಾಡಿದ್ದಾಳೆ. ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಸರ್, ಕುಂದರ್ರಿ. ಶುಗರ್ ಚೆಕ್ ಮಾಡಿಸಬೇಕೇನ್ರಿ?"

ಅಕ್ಕಾರ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ.

"ರಿಸಲ್ಟ್ ಬಂದ ಮರುದಿನ ಅಕ್ಕಾರ ಊರಿಗೆ ಬಂದಿದ್ರಿ ಸರ್. ಅಪ್ಪ ಅವ್ವ ಎಲ್ಲಾರೂ ಪಡಸಾಲ್ಯಾಗ ಇದ್ದರು. ನಾ ಅಳಾಕತ್ತಿದ್ದೆ. ಸಮಾಧಾನ ಗಿಮಾಧಾನ ಏನಿಲ್ಲ, 'ನೋಟ್‌ಬುಕ್ ತಾ, ಐದನೇ ಪ್ರಶ್ನಿ ಬರಿ' ಅಂದ್ರು. ಅಳ್ಕೋತನ ಬರದೆ. ಅಪ್ಪನ ಮುಂದ ಕೆಂಪ ಪೆನ್ ತಗದು ತಿದ್ದಿದ್ರು. ಎರಡಕ್ಕ ಎರಡು. ಸಹಿ ಮಾಡಿ, 'ಈಕೀದು ಸರಿ ಐತಿ, ತಪ್ಪ ಆಗಿದ್ದು ನಮ್ಮ ಕಡೆ' ಅಂತ ಅಪ್ಪಗ ಹೇಳಿದ್ರು. ಅಪ್ಪಗ ಏನ್ ತಿಳೀಬೇಕ್ರಿ? ಚಹಾ ಕುಡೀರಿ ಅಕ್ಕಾರ ಅಂದ."

ಅವಳು ಫೋನಿನಲ್ಲಿ ಆ ಪುಟದ ಫೋಟೋ ತೋರಿಸಿದಳು. ಅಕ್ಕಾರು ತೀರಿಕೊಂಡ ದಿನ ತೆಗೆದುಕೊಂಡದ್ದಂತೆ. ಹುಡುಗಿಯ ಗುಂಡನೆಯ ಅಕ್ಷರ, y = 4 − 2x/3. ಪಕ್ಕದಲ್ಲಿ 2/2. ಕೆಳಗೆ ಅಕ್ಕಾರ ಸಹಿ. ಅದರ ಕೆಳಗೆ ಅವರದೇ ಕೈಯಲ್ಲಿ ಇನ್ನೊಂದು ಸಾಲು: ಮರುಪರಿಶೀಲಕರ ಸಹಿ. ಅದರ ಮುಂದೆ ಒಂದು ಗೆರೆ ಎಳೆದಿದ್ದರು. ಗೆರೆಯ ಮೇಲೆ ಏನೂ ಇರಲಿಲ್ಲ.

"ಒಬ್ಬರ ಸಹಿಲೇ ಪೇಪರ್ ನಡಿಯೂದಿಲ್ಲ, ಇನ್ನೊಬ್ಬರು ಬರ್ತಾರ ಅಂದಿದ್ರಿ ಅಕ್ಕಾರ," ಎಂದಳು ಅವಳು. "ನಂದು ನಿಮ್ಮ ಮೇಜಿನ ಮ್ಯಾಲ ಬಂದಿತ್ತೇನ್ರಿ ಸರ್?"

"ಗೊತ್ತಿಲ್ಲವ್ವಾ. ಹೆಸರು ಇರ್ತಿರಲಿಲ್ಲ. ಬಂದಿದ್ರ ನಾನ ಅಡ್ಡ ಗೆರಿ ಹೊಡದಿರತೇನಿ."

ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಆ ನೋಟ್‌ಬುಕ್ ಊರಾಗ ಐತೇನು?" ಎಂದೆ. "ಭಾನುವಾರ ಬರತೇನಿ. ಸಹಿ ಮಾಡತೇನಿ."

"ಯಾಕ್ರಿ ಸರ್?"

"ನಿನ್ನ ಉತ್ತರ ಸರಿ ಇತ್ತು ಅಂತ."

"ಅದು ಅವತ್ತ ನನಗ ಗೊತ್ತಿತ್ರಿ. ಅಕ್ಕಾರಿಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಈಗ ನೀವು ಸಹಿ ಮಾಡಿದ್ರ ನಿಮಗ ಹಗುರ ಆಗತೈತಿ. ನಂದೇನ ಬದಲಾಗತೈತಿ, ಹೇಳ್ರಿ? ನೌಕರಿ ಐತೆಲ್ಲ, ಛಲೋ ಆತಲ್ಲ ಅಂತಾರ ಎಲ್ಲಾರೂ. ಛಲೋ ಮಾಡಿಕೊಂಡದ್ದು ನಾನ್ರಿ ಸರ್. ಅದಕ್ಕ ನೀವ್ಯಾರೂ ಬರಲಿಲ್ಲ."

ಅವಳು ಫೋನನ್ನು ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡಳು.

"ಖಾಲೀನ ಇರಲಿ ಬಿಡ್ರಿ. ಯಾರರೆ ನೋಡಿ, ಇದ್ಯಾಕ ಖಾಲಿ ಐತಿ ಅಂತ ಕೇಳಿದ್ರ ಹೇಳಾಕರೆ ಬರತೈತಿ."

ಬಾಗಿಲಲ್ಲಿ ಒಬ್ಬ ಮುದುಕರು ತೋಳು ಮಡಚಿಕೊಂಡು ಚೀಟಿ ಹಿಡಿದು ನಿಂತಿದ್ದರು. ಅವಳು ಸೂಜಿಯ ಪೊಟ್ಟಣ ಹರಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು:

"ಸರ್, ಆ ಕುರ್ಚಿ ಬಿಡ್ರಿ. ಅಜ್ಜಾರು ಕುಂದರಲಿ."